ಕಲಬುರಗಿಯ ಒಲೆಗೆ ಬಂದು ಸೇರಿದವರು

ಕಲಬುರಗಿ ಸೀಮೆಯ ಒಕ್ಕಲುತನದ ಮನೆಯಲ್ಲಿ ಮಧ್ಯಾಹ್ನದ ತಟ್ಟೆಗೆ ಬರುವ ಪದಾರ್ಥಗಳು ಹೆಚ್ಚಲ್ಲ: ಬಿಳಿಜೋಳದ ರೊಟ್ಟಿ, ಪುಂಡಿಪಲ್ಯ, ತೊಗರಿಬ್ಯಾಳಿ, ಶೇಂಗಾ ಹಿಂಡಿ, ಕಡಿದುಕೊಳ್ಳಲು ಒಂದು ಹಸಿಮೆಣಸಿನಕಾಯಿ, ಗುದ್ದಿ ಒಡೆದ ಉಳ್ಳಾಗಡ್ಡಿ. ಇದನ್ನು ನಾವು ಈ ಮಣ್ಣಿನ ಊಟವೆಂದು ಅಭಿಮಾನದಿಂದ ಕರೆಯುತ್ತೇವೆ. ಹಾಗೆ ಕರೆಯುವುದರಲ್ಲಿ ಅಸತ್ಯವೇನೂ ಇಲ್ಲ. ಆದರೆ ಆ ತಟ್ಟೆಯ ಒಂದೊಂದು ಪದಾರ್ಥದ ವಂಶಾವಳಿಯನ್ನು ಹಿಂದಕ್ಕೆ ಹಿಡಿದು ನಡೆದರೆ, ಜೋಳವು ಆಫ್ರಿಕದ ಸೂಡಾನ್ ಸೀಮೆಯಲ್ಲಿ ಮೊದಲು ಕೃಷಿಗೆ ಒಳಗಾಗಿ ಕ್ರಿಸ್ತಪೂರ್ವ 2ನೆಯ ಸಹಸ್ರಮಾನದಲ್ಲಿ ಕಡಲು ದಾಟಿ ಭಾರತಕ್ಕೆ ಬಂದ ಧಾನ್ಯವೆಂಬುದೂ, ಪುಂಡಿಯ ತೌರೂ ಆಫ್ರಿಕವೇ ಎಂಬುದೂ, ಉಳ್ಳಾಗಡ್ಡಿಯು ಮಧ್ಯ ಏಷ್ಯದ ಕಡೆಯದೆಂಬುದೂ, ಮೆಣಸಿನಕಾಯಿ ಶೇಂಗಾಗಳೆರಡೂ ಅಮೆರಿಕ ಖಂಡದಿಂದ ಬಂದುವೆಂಬುದೂ ತಿಳಿಯುತ್ತದೆ. ಇಷ್ಟರಲ್ಲಿ ಭಾರತದ ನೆಲದಲ್ಲಿಯೇ ಹುಟ್ಟಿದ್ದೆಂದು ನಿಶ್ಚಯವಾಗಿ ಹೇಳಬಹುದಾದದ್ದು ತೊಗರಿಯೊಂದೇ. ಅದೂ ಪೂರ್ವದ ಒರಿಸ್ಸಾ ಬಸ್ತಾರಗಳ ಕಾಡಿನ ಅಂಚಿನಿಂದ ನಡೆದು ಬಂದು ಭೀಮಾ ಕಾಗಿಣಾ ತೀರದ ಎರೆಭೂಮಿಯಲ್ಲಿ ನೆಲೆನಿಂತದ್ದು.

ಅಡುಗೆಯು ವಲಸೆಯಿಂದ ಬೆಳೆಯುತ್ತದೆ ಎಂಬ ಮಾತು ಬಂದಾಗಲೆಲ್ಲ ವಿದ್ವಾಂಸರು ಅಮೆರಿಕದ ಉದಾಹರಣೆಯನ್ನು ಕೊಡುವ ವಾಡಿಕೆಯಿದೆ. ಲೂಸಿಯಾನಾ ಪ್ರಾಂತದ ಗಂಬೋ ಎಂಬ ಸಾರು ಅದಕ್ಕೆ ಪ್ರಸಿದ್ಧ ನಿದರ್ಶನ. ಗುಲಾಮರಾಗಿ ಸಾಗಿಸಲ್ಪಟ್ಟ ಪಶ್ಚಿಮ ಆಫ್ರಿಕದ ಜನರೊಡನೆ ಹೋದ ಬೆಂಡೆಕಾಯಿ, ಜಿಡ್ಡಿನಲ್ಲಿ ಹಿಟ್ಟನ್ನು ಹುರಿದು ಸಾರಿಗೆ ಮೈಕೊಡುವ ಫ್ರೆಂಚರ ಕ್ರಮ, ಅಲ್ಲಿಯ ಮೂಲನಿವಾಸಿಗಳಾದ ಚಾಕ್ಟಾ ಜನರು ಒಣಗಿಸಿ ಪುಡಿಮಾಡುತ್ತಿದ್ದ ಒಂದು ಮರದ ಎಲೆ, ಇವು ಒಂದೇ ಪಾತ್ರೆಯಲ್ಲಿ ಕೂಡಿ ಆ ಪ್ರಾಂತದ ಹೆಮ್ಮೆಯಾಗಿ ನಿಂತಿವೆ. ಪುಂಡಿಯೂ ಬೆಂಡೆಯೂ ಒಂದೇ ಸಸ್ಯಕುಲದವು. ಒಂದೇ ಖಂಡದಿಂದ ಹೊರಟು ಒಂದು ಪಶ್ಚಿಮಕ್ಕೆ ಸಾಗಿತು, ಒಂದು ನಮ್ಮತ್ತ ಬಂದಿತು. ಅಲ್ಲಿಯ ಕಥೆ ಮುನ್ನೂರು ವರ್ಷಗಳದು; ಅದರ ಬಗೆಗೆ ಗ್ರಂಥಭಂಡಾರಗಳೇ ತುಂಬಿವೆ. ನಮ್ಮದು ಮೂರು ಸಾವಿರ ವರ್ಷಗಳದು. ಅದನ್ನು ಬರೆದಿಡುವ ಶ್ರಮವನ್ನು ನಾವು ತೆಗೆದುಕೊಂಡದ್ದು ಬಹಳ ಕಡಮೆ.

ಬರೆದಿಟ್ಟವರು ಇಲ್ಲವೇ ಇಲ್ಲವೆಂದಲ್ಲ. ಕಲಬುರಗಿ ಜಿಲ್ಲೆಯ ಇಂದಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನು 9ನೆಯ ಶತಮಾನದಲ್ಲಿ ಆಳಿದ, ಕವಿರಾಜಮಾರ್ಗವು ರೂಪುಗೊಂಡ ರಾಜಧಾನಿ. ಅದೇ ಶತಮಾನದ ಅರಬ ವರ್ತಕರು ಮಾನ್ಯಖೇಟದ ಅರಸನನ್ನು ಬಲ್ಹರನೆಂದು ಕರೆದು, ತಮ್ಮವರನ್ನು ಅವನಷ್ಟು ಆದರಿಸುವ ರಾಜನು ಹಿಂದೂದೇಶದಲ್ಲಿ ಬೇರೊಬ್ಬನಿಲ್ಲವೆಂದು ಹೊಗಳಿದ್ದಾರೆ. ಬಹಮನಿಗಳಿಗೆ ಐದು ಶತಮಾನ ಮೊದಲೇ ಪಶ್ಚಿಮ ಸಮುದ್ರದ ಆಚೆಯ ಜನರಿಗೆ ಈ ಸೀಮೆಯ ದಾರಿ ಗೊತ್ತಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಮುಂದೆ 1025ರ ಸುಮಾರಿನಲ್ಲಿ, ಕಲ್ಯಾಣದ ಚಾಲುಕ್ಯರ ಆಶ್ರಯದಲ್ಲಿದ್ದ ಎರಡನೆಯ ಚಾವುಂಡರಾಯನು ತನ್ನ ಲೋಕೋಪಕಾರದಲ್ಲಿ ಪಾಕವಿಚಾರಕ್ಕೆ ಸ್ಥಳ ಕೊಟ್ಟನು. ಒಂದು ಶತಮಾನ ಕಳೆದ ಮೇಲೆ ಅದೇ ವಂಶದ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಅರಸನ ಅನ್ನಭೋಗವನ್ನು ವಿಸ್ತಾರವಾಗಿ ವರ್ಣಿಸಿದನು. ಮಾಂಸವನ್ನು ಕೆಂಡದ ಮೇಲೆ ಸುಡುವ ಬಗೆಗಳು, ಹೂರಣ ತುಂಬಿದ ಮಂಡಿಗೆ, ಉದ್ದಿನ ಇಡ್ಡಲಿಗೆ, ವಡೆ, ದೋಸೆ, ಇವೆಲ್ಲವೂ ಅಲ್ಲಿ ಬರುತ್ತವೆ. ಖಾರಕ್ಕೆ ಬೇಕಾದಾಗ ಕಾಳುಮೆಣಸೂ ಶುಂಠಿಯೂ, ಘಮಕ್ಕೆ ಇಂಗೂ ಏಲಕ್ಕಿಯೂ ಸಾಕಾಗುತ್ತಿದ್ದುವು. ಇಂಗಾದರೂ ಪಾರಸಿಕ ಮತ್ತು ಅಫಘಾನ ಬೆಟ್ಟಗಳಿಂದ ತರಿಸಿಕೊಳ್ಳಬೇಕಾದ ವಸ್ತು. ಚಾಲುಕ್ಯರ ಅರಮನೆಯ ಒಗ್ಗರಣೆಯಲ್ಲಿಯೂ ದೂರದೇಶದ ಪಾಲಿತ್ತು.

1347ರಲ್ಲಿ ಅಲಾವುದ್ದೀನ್ ಹಸನ್ ಬಹಮನ್ ಷಾ ಕಲಬುರಗಿಯನ್ನು ರಾಜಧಾನಿಯಾಗಿ ಮಾಡಿಕೊಂಡ ಮೇಲೆ ಈ ಪ್ರವಾಹದ ವೇಗ ಹೆಚ್ಚಿತು. ದೆಹಲಿಯಿಂದ ದೇವಗಿರಿಗೆ ಬಂದು ಅಲ್ಲಿಂದ ದಕ್ಷಿಣಕ್ಕೆ ಸರಿದ ಉತ್ತರದ ಕುಟುಂಬಗಳು, ಹಡಗೇರಿ ಬಂದ ಅರಬರು ಮತ್ತು ಇರಾನಿಗಳು, ತುರುಕರು, ಸೈನ್ಯದಲ್ಲಿ ಸೇವೆಗೆ ನಿಂತ ಹಬಸಿಗಳು, ಹೀಗೆ ನಾನಾ ದೇಶಗಳ ಜನ ಕೋಟೆಯ ಸುತ್ತ ನೆಲಸಿದರು. ಕೋಟೆಯೊಳಗೆ 1367ರಲ್ಲಿ ಕಟ್ಟಿದ ಜಾಮಿ ಮಸೀದಿಯ ಶಿಲ್ಪಿ ಇರಾನಿನ ಕಜ್ವೀನ್ ನಗರದ ರಫೀ ಎಂಬವನು. ಬಹುಭಾಷಾಕೋವಿದನೆನಿಸಿದ ಫಿರೋಜ್ ಷಾ ಬಹಮನಿ (1397–1422) ಗೋವೆ ಮತ್ತು ಚೌಲ್ ಬಂದರುಗಳಿಂದ ವರ್ಷವರ್ಷವೂ ಹಡಗುಗಳನ್ನು ಕಳುಹಿಸಿ ಪರದೇಶದ ಸರಕನ್ನೂ ವಿದ್ವಾಂಸರನ್ನೂ ಕರೆಸಿಕೊಳ್ಳುತ್ತಿದ್ದನೆಂದು ಚರಿತ್ರಕಾರ ಫಿರಿಸ್ತಾ ಬರೆದಿದ್ದಾನೆ. ವಿದ್ವಾಂಸನಾಗಲಿ ಶಿಲ್ಪಿಯಾಗಲಿ ಸವಾರನಾಗಲಿ, ಬಂದವನು ತನ್ನ ನಾಲಗೆಯನ್ನು ಬಂದರಿನಲ್ಲಿ ಬಿಟ್ಟು ಬರುವುದಿಲ್ಲ. ತನ್ನ ಊರಿನ ರುಚಿಯನ್ನು ಹೊಸ ಊರಿನ ಸಾಮಗ್ರಿಯಲ್ಲಿ ಹುಡುಕುತ್ತಾನೆ.

ಆ ಹುಡುಕಾಟದ ಫಲವನ್ನು ಇಂದಿಗೂ ಕಲಬುರಗಿಯ ಬೀದಿಗಳಲ್ಲಿ ಉಣ್ಣಬಹುದು. ತಹರಿಯನ್ನು ತೆಗೆದುಕೊಳ್ಳೋಣ. ಮಾಂಸದ ರಸದಲ್ಲಿಯೇ ಅಕ್ಕಿಯನ್ನು ಬೇಯಿಸುವ ಪಾರಸಿಕ ಪದ್ಧತಿಯ ವಂಶಕ್ಕೆ ಸೇರಿದ ಅಡುಗೆ ಇದು. ಬಿರಿಯಾನಿಯಲ್ಲಿ ಅಕ್ಕಿಯನ್ನು ಬೇರೆಯಾಗಿ ಅರೆಬೇಯಿಸಿ, ಮಾಂಸದ ಮೇಲೆ ಪದರಪದರವಾಗಿ ಹಾಸಿ, ಮುಚ್ಚಳಕ್ಕೆ ಕಣಕದ ಮುದ್ರೆಯೊತ್ತಿ ದಮ್ಮಿಗೆ ಇಡುತ್ತಾರೆ. ತಹರಿಗೆ ಅಷ್ಟು ರಾಜೋಪಚಾರವಿಲ್ಲ. ಉಳ್ಳಾಗಡ್ಡಿಯನ್ನು ಕೆಂಪಗೆ ಹುರಿದು, ಶುಂಠಿ ಬೆಳ್ಳುಳ್ಳಿ, ಅರಿಶಿನ, ಖಾರಪುಡಿ, ಕೊತ್ತಂಬರಿ ಪುದೀನಗಳೊಡನೆ ಮಾಂಸವನ್ನು ಬೇಯಿಸಿ, ಎಸರು ಕುದಿಯುವಾಗ ನೆನೆದ ಅಕ್ಕಿಯನ್ನು ಅದೇ ಪಾತ್ರೆಗೆ ಸುರಿದರೆ, ಒಂದೊಂದು ಅಗುಳೂ ಆ ಸಾರವನ್ನು ಹೀರಿ ಹಳದಿಯಾಗಿ ಅರಳುತ್ತದೆ. ಒಂದೇ ಪಾತ್ರೆ, ಒಂದೇ ಒಲೆ; ಅರಮನೆಯ ಪದ್ಧತಿಯು ದುಡಿಯುವವರ ಮನೆಗೆ ಇಳಿದು ಬಂದ ರೂಪವಿದು. ಬೆಳಗಿನ ಹೊತ್ತಿಗೇ ತಹರಿಯ ಡೇಗ್‌ಗಳ ಮುಂದೆ ಜನ ಸೇರುವುದು ಈ ನಗರದಲ್ಲಿ ಅಪರೂಪದ ದೃಶ್ಯವಲ್ಲ.

ಆದರೆ ನನಗೆ ತಹರಿಗಿಂತಲೂ ಹೆಚ್ಚು ಅರ್ಥವತ್ತಾಗಿ ತೋರುವುದು, ಬಂದವರ ಅಡುಗೆಯೊಳಕ್ಕೆ ಈ ನೆಲದ ಹುಳಿಯೂ ಬೇಳೆಯೂ ಪ್ರವೇಶಿಸಿದ ರೀತಿ. ದಕ್ಖನಿ ಮುಸಲ್ಮಾನರ ಮದುವೆಯೂಟದಲ್ಲಿ ಬಗಾರಾ ಅನ್ನದ ಜೊತೆಗೆ ಬಡಿಸುವ ದಾಲ್ಚಾ ಎಂಬ ಪದಾರ್ಥದಲ್ಲಿ ಮಾಂಸ, ಬೇಳೆ, ಸೋರೆಕಾಯಿ, ಹುಣಿಸೆಹುಳಿ ಒಂದಾಗಿ ಬೇಯುತ್ತವೆ; ಪುಂಡಿಸೊಪ್ಪನ್ನು ಮಾಂಸದೊಡನೆ ಕೂಡಿಸಿ ಬೇಯಿಸುವ ಅಂಬಾಡಾ ಗೋಷ್ತ್ ಅವರ ಮನೆಗಳ ನಿತ್ಯದ ಅಡುಗೆ. ಲಿಂಗಾಯತರ ಮನೆಯಲ್ಲಿ ಜೋಳದ ನುಚ್ಚು ಬೆರೆತು ರೊಟ್ಟಿಯ ಮೇಲೆ ಕೂರುವ ಪುಂಡಿಯೇ ಪಕ್ಕದ ಓಣಿಯಲ್ಲಿ ಕುರಿಮಾಂಸದೊಡನೆ ಬೇಯುತ್ತದೆ. ದೆಹಲಿಯ ಅಥವಾ ಇರಾನಿನ ಅಡುಗೆಯವನಿಗೆ ಈ ಹುಳಿ ಅಪರಿಚಿತ. ದಕ್ಖನಿ ಅಡುಗೆಯನ್ನು ಉತ್ತರದ ಅಡುಗೆಯಿಂದ ಪ್ರತ್ಯೇಕಿಸುವ ಗುಣವೇ ಅದು, ಮತ್ತು ಆ ಗುಣವನ್ನು ಕೊಟ್ಟವರು ಇಲ್ಲಿಯ ಹೆಂಗಸರು. ರಾಜರ ಹೆಸರುಗಳು ಶಿಲೆಯ ಮೇಲೆ ನಿಂತಿವೆ. ಈ ಹೆಂಗಸರ ಹೆಸರು ಎಲ್ಲಿಯೂ ಇಲ್ಲ.

ಬೀಸುವ ಕಲ್ಲಿನ ಮುಂದೆ ಈ ಸಂಧಾನ ಇನ್ನೂ ಸ್ಪಷ್ಟವಾಗುತ್ತದೆ. 1400ರ ಸುಮಾರಿನಲ್ಲಿ ದೆಹಲಿಯಿಂದ ಬಂದು ಕಲಬುರಗಿಯಲ್ಲಿ ನೆಲಸಿ 1422ರಲ್ಲಿ ಕಾಲವಾದ ಖ್ವಾಜಾ ಬಂದೇನವಾಜರ ದರ್ಗಾ ಇಂದು ಎಲ್ಲ ಮತದವರೂ ನಡೆದುಕೊಳ್ಳುವ ಸ್ಥಾನ. ದಕ್ಖನಿನ ಸೂಫಿಗಳ ಪರಂಪರೆಯಲ್ಲಿ ಚಕ್ಕಿನಾಮಾ ಎಂಬ ಒಂದು ಹಾಡಿನ ಜಾತಿಯಿದೆ: ಹೆಂಗಸರು ಹಿಟ್ಟು ಬೀಸುವಾಗ ಹಾಡಿಕೊಳ್ಳಲೆಂದು ದಕ್ಖನಿ ನುಡಿಯಲ್ಲಿ ರಚಿತವಾದ ಭಕ್ತಿಗೀತಗಳು. ಬಂದೇನವಾಜರ ಹೆಸರಿನಲ್ಲಿಯೂ ಇಂಥ ಹಾಡು ಪ್ರಚಲಿತವಿದೆ. ಇವು ಹೇರಳವಾಗಿ ರಚಿತವಾದದ್ದು ಮುಂದೆ ಬಿಜಾಪುರದ ಸೂಫಿಗಳಿಂದ. ಕಲ್ಲಿನ ಗೂಟ, ಸುತ್ತುವ ಕಲ್ಲು, ಬಾಯಿಗೆ ಹಾಕುವ ಕಾಳು, ಒಂದೊಂದಕ್ಕೂ ಅಲ್ಲಿ ಒಂದು ಅಧ್ಯಾತ್ಮದ ಅರ್ಥ ಹೊಂದುತ್ತದೆ. ಅದೇ ಬೆಳಗಿನ ಜಾವದಲ್ಲಿ ನಮ್ಮ ಹಳ್ಳಿಯ ತಾಯಂದಿರು ಕನ್ನಡದಲ್ಲಿ ಬೀಸುಕಲ್ಲಿನ ಪದಗಳನ್ನು ತ್ರಿಪದಿಯಲ್ಲಿ ಹಾಡಿಕೊಳ್ಳುತ್ತಿದ್ದರು. ನುಡಿ ಬೇರೆ, ದೈವದ ಹೆಸರು ಬೇರೆ. ಕಲ್ಲೂ ಜೋಳವೂ ಬೆವರೂ ಒಂದೇ. ಧರ್ಮವನ್ನು ಜನರ ಮನಸ್ಸಿಗೆ ಮುಟ್ಟಿಸಬೇಕಾದರೆ ಅಡುಗೆಮನೆಯ ಬಾಗಿಲಿನಿಂದಲೇ ಒಳಹೋಗಬೇಕೆಂದು ಈ ಸಂತರು ಕಂಡುಕೊಂಡದ್ದು ಅವರ ವಿವೇಕಕ್ಕೆ ಸಾಕ್ಷಿ.

ಅಂಥದೇ ವಿವೇಕವನ್ನು ನಾಲ್ಕು ಶತಮಾನಗಳ ಅನಂತರ ಬೇರೊಂದು ಮಾರ್ಗದಿಂದ ತೋರಿದವರು ಜೇವರ್ಗಿ ಸೀಮೆಯ ಅರಳಗುಂಡಗಿಯಿಂದ ಬಂದು ಕಲಬುರಗಿಯಲ್ಲಿ ನಿಂತ ಶರಣಬಸವೇಶ್ವರರು (1746–1822). ಹನ್ನೆರಡನೆಯ ಶತಮಾನದ ಶರಣರು ಬೋಧಿಸಿದ ದಾಸೋಹವನ್ನು ಅವರು ನಿತ್ಯದ ಆಚರಣೆಗೆ ತಂದರು. ದರ್ಗಾದ ಲಂಗರಿನಲ್ಲಿಯೂ ದೇವಸ್ಥಾನದ ದಾಸೋಹದಲ್ಲಿಯೂ ಉಣ್ಣಲು ಕುಳಿತವನ ಕುಲವನ್ನು ಕೇಳುವ ಪದ್ಧತಿಯಿಲ್ಲ. ಹೋಳಿಹುಣ್ಣಿಮೆಯ ಮುಂದಿನ ದಿನಗಳಲ್ಲಿ ನಡೆಯುವ ಶರಣಬಸವೇಶ್ವರರ ಜಾತ್ರೆಗೂ, ಬಂದೇನವಾಜರ ಉರುಸಿಗೂ ಬರುವ ಜನಸಮೂಹದಲ್ಲಿ ಬಹುಭಾಗ ಒಂದೇ ಜನ. ಅಲ್ಲಿ ಕೊಂಡು ತಿನ್ನುವ ತಿನಿಸುಗಳೂ ಬಹುಮಟ್ಟಿಗೆ ಒಂದೇ.

ಇನ್ನು ಮೆಣಸಿನಕಾಯಿಯ ವಿಷಯ. ಇಂದು ಕಲಬುರಗಿಯ ಊಟವೆಂದರೆ ಖಾರವೆಂದೇ ಹೊರಗಿನವರ ತಿಳಿವಳಿಕೆ. ಸುಸಲಾದ ಜೊತೆಗೆ ಮಿರ್ಚಿಭಜಿಯಿಲ್ಲದೆ ಇಲ್ಲಿ ಬೆಳಗಾಗುವುದಿಲ್ಲ. ಆದರೆ ಮೆಣಸಿನಕಾಯಿಯು ಪೋರ್ಚುಗೀಸರ ಹಡಗುಗಳಲ್ಲಿ ಬಂದದ್ದು. ಅವರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಅಷ್ಟು ಹೊತ್ತಿಗೆ ಬಹಮನಿಗಳ ರಾಜಧಾನಿಯು ಕಲಬುರಗಿಯನ್ನು ಬಿಟ್ಟು ಬೀದರಿಗೆ ಹೋಗಿ ಮುಕ್ಕಾಲು ಶತಮಾನಕ್ಕೂ ಮಿಕ್ಕಿ ಕಳೆದಿತ್ತು. ನೃಪತುಂಗನು ಮೆಣಸಿನಕಾಯಿಯನ್ನು ಕಂಡವನಲ್ಲ, ಕಲ್ಯಾಣದ ಶರಣರು ಕಂಡವರಲ್ಲ, ಬಂದೇನವಾಜರೂ ಕಂಡವರಲ್ಲ. ಆ ದೃಷ್ಟಿಯಿಂದ ನೋಡಿದರೆ, ಕೆಲವರು ಹೊರಗಿನಿಂದ ಬಂದದ್ದೆಂದು ಎಣಿಸುವ ಪಾರಸಿಕ ರೀತಿಯ ಅಡುಗೆಯು ಈ ಊರಿಗೆ ಬಂದದ್ದು ನಮ್ಮ ಕೆಂಪುಖಾರಕ್ಕಿಂತ ಒಂದೂವರೆ ಶತಮಾನ ಮೊದಲು. ಶೇಂಗಾ ಈ ಕಡೆ ವ್ಯಾಪಕವಾಗಿ ಬೆಳೆಯತೊಡಗಿದ್ದಂತೂ 19ನೆಯ ಶತಮಾನದ ಉತ್ತರಾರ್ಧದಲ್ಲಿ. ಅಂದಮೇಲೆ ಶೇಂಗಾ ಹಿಂಡಿಯೂ ಶೇಂಗಾ ಹೋಳಿಗೆಯೂ ಸಂಪ್ರದಾಯವಾದದ್ದು ನಾಲ್ಕಾರು ತಲೆಮಾರುಗಳ ಒಳಗೆ. ಸ್ವದೇಶಿ ವಿದೇಶಿ ಎಂಬ ಗೆರೆಯನ್ನು ಅಡುಗೆಮನೆಯಲ್ಲಿ ಎಳೆಯ ಹೊರಟವನು ಮೊದಲು ತನ್ನ ತಟ್ಟೆಯ ಮೆಣಸಿನಕಾಯಿಯನ್ನು ತೆಗೆದಿಡಬೇಕಾಗುತ್ತದೆ.

ನಗರವನ್ನು ಬಿಟ್ಟು ಹುಮನಾಬಾದಿನ ದಾರಿ ಹಿಡಿದರೆ, ಎರೆಯ ಬಯಲು ಕ್ರಮೇಣ ಕೆಂಪುಮಣ್ಣಿನ ಗುಡ್ಡಗಳಿಗೆ ಎಡೆಗೊಡುವಲ್ಲಿ ಕಮಲಾಪುರ ಸಿಕ್ಕುತ್ತದೆ. ಈಚೆಗೆ ತಾಲೂಕಿನ ಕೇಂದ್ರವಾದ ಊರು. ಇದರ ಆಸುಪಾಸಿನ ಗುಡ್ಡಗಳ ನಡುವೆ ಲಂಬಾಣಿ ತಾಂಡಾಗಳು ಬಹಳ. ರಾಜಸ್ಥಾನದ ಕಡೆಯಿಂದ ಬಂದವರೆಂದು ತಮ್ಮನ್ನು ಹೇಳಿಕೊಳ್ಳುವ ಲಂಬಾಣಿಗರು ಶತಮಾನಗಳ ಕಾಲ ಎತ್ತುಗಳ ಬೆನ್ನಿನ ಮೇಲೆ ಧಾನ್ಯವನ್ನೂ ಉಪ್ಪನ್ನೂ ಹೇರಿಕೊಂಡು ದಕ್ಖನಿನ ಸೈನ್ಯಗಳಿಗೂ ಸಂತೆಗಳಿಗೂ ಒದಗಿಸುತ್ತಿದ್ದವರು. 17ನೆಯ ಶತಮಾನದಲ್ಲಿ ಇಲ್ಲಿ ಸಂಚರಿಸಿದ ಫ್ರೆಂಚ್ ರತ್ನವರ್ತಕ ತವೆರ್ನಿಯೆ, ಹತ್ತು ಹನ್ನೆರಡು ಸಾವಿರ ಎತ್ತುಗಳ ಅವರ ಸಾಲು ದಾರಿಗೆ ಅಡ್ಡ ಬಂದರೆ ಪ್ರಯಾಣಿಕನು ಎರಡು ಮೂರು ದಿನ ಕಾಯಬೇಕಾಗುತ್ತಿತ್ತೆಂದು ಹೇಳುತ್ತಾನೆ. ಕರಾವಳಿಯ ಉಪ್ಪು ಕಲಬುರಗಿಯ ಬ್ಯಾಳಿಗೆ ಬಿದ್ದದ್ದು ಇಂಥವರ ನಡಿಗೆಯಿಂದ. 1871ರಲ್ಲಿ ಮುಂಬಯಿಯಿಂದ ರಾಯಚೂರಿನವರೆಗಿನ ರೈಲುಮಾರ್ಗ ಪೂರ್ಣವಾಗಿ, ಕಲಬುರಗಿಯ ಮೂಲಕ ಬಂಡಿಗಳು ಓಡತೊಡಗಿದ ಮೇಲೆ ಎತ್ತಿನ ಹೇರಿಗೆ ಬೆಲೆಯಿಲ್ಲವಾಯಿತು. ಸಂಚಾರಿಗಳು ತಾಂಡಾಗಳಲ್ಲಿ ನೆಲೆನಿಂತು ಒಕ್ಕಲುತನಕ್ಕೂ ಕೂಲಿಗೂ ಇಳಿದರು. ಆದರೂ ಅವರ ಅಡುಗೆಯಲ್ಲಿ ಸಂಚಾರದ ಗುರುತು ಅಳಿದಿಲ್ಲ. ಕೈಯಿಂದ ದಪ್ಪಗೆ ತಟ್ಟಿ ಸುಡುವ ಬಾಟಿ, ಆಡು ಕುರಿಗಳ ನೆತ್ತರನ್ನೂ ಒಳಗಿನ ಮೃದುಭಾಗಗಳನ್ನೂ ವ್ಯರ್ಥವಾಗಲು ಬಿಡದೆ ಬೇಯಿಸುವ ಸಳೋಯಿ, ಹೊಲದ ಬದುವಿನಲ್ಲಿ ತಾನಾಗಿ ಹುಟ್ಟುವ ಸೊಪ್ಪುಗಳ ಅಪಾರವಾದ ಪರಿಚಯ, ಇವು ಬಿಡಾರವೇ ಮನೆಯಾಗಿದ್ದವರ ಪಾಕಶಾಸ್ತ್ರ. ಇವರನ್ನು ಬಿಟ್ಟು ಕಮಲಾಪುರದ ಅಡುಗೆಯನ್ನು ಕುರಿತು ಬರೆಯುವವರು ಅರ್ಧ ಊಟವನ್ನು ಮಾತ್ರ ಕಂಡವರು.

ಕಮಲಾಪುರದ ಕೀರ್ತಿ ಮಾತ್ರ ಹೆಚ್ಚಾಗಿ ನಿಂತಿರುವುದು ಅಲ್ಲಿಯ ಕೆಂಪುಬಾಳೆಯ ಮೇಲೆ. ಬಾಳೆಯ ಆದಿಮ ನೆಲೆ ಆಗ್ನೇಯ ಏಷ್ಯದ ದ್ವೀಪಗಳ ಕಡೆ. ಈ ಗಿಡವೂ ದೂರದಿಂದ ಬಂದ ಅತಿಥಿಯೇ. ಗುಡ್ಡದ ಬುಡದ ಮರಳುಮಿಶ್ರಿತ ಕೆಂಪುಮಣ್ಣು ಅದಕ್ಕೆ ಒಗ್ಗಿತು. ಬೇರೆ ಬಾಳೆಗಳು ವರ್ಷದಲ್ಲಿ ಗೊನೆ ಕೊಟ್ಟರೆ ಇದಕ್ಕೆ ಹದಿನೆಂಟು ತಿಂಗಳು ಬೇಕು; ಗೊಬ್ಬರವನ್ನೂ ನೀರನ್ನೂ ಉದಾರವಾಗಿ ಕೇಳುತ್ತದೆ. ಮಾಗಿದ ಹಣ್ಣಿನ ಸಿಪ್ಪೆ ಕೆಂಪುಕಂದು, ಒಳಗಿನ ತಿರುಳು ಕೆನೆಯ ಬಣ್ಣ, ಸುಲಿದೊಡನೆ ಹೊಮ್ಮುವ ಪರಿಮಳ ಬೇರೆ ಯಾವ ಬಾಳೆಗೂ ಇಲ್ಲದ್ದು. ಬೆಲೆ ಹೆಚ್ಚಾದುದರಿಂದ ಇದಕ್ಕೆ ಸಿರಿವಂತರ ಹಣ್ಣೆಂಬ ಹೆಸರೂ ಉಂಟು. ಭೌಗೋಳಿಕ ಸೂಚಕದ ಮಾನ್ಯತೆಯೂ ಈ ಬಾಳೆಗೆ ದೊರೆತಿದೆ. ಆದರೆ ಮಾನ್ಯತೆಯ ಪತ್ರವು ರೈತನ ಹದಿನೆಂಟು ತಿಂಗಳ ಕಾಯುವಿಕೆಯನ್ನು ಕಡಮೆ ಮಾಡಲಾರದು; ಬೇಗ ಫಲ ಕೊಡುವ ಬೆಳೆಯತ್ತ ಅವನ ಮನಸ್ಸು ಹರಿದರೆ ಅವನನ್ನು ದೂಷಿಸುವ ಅಧಿಕಾರ ತಿನ್ನುವ ನಮಗಿಲ್ಲ.

ರೈಲಿನೊಡನೆ ಬಂದವರ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ನಿಜಾಮರ ರಾಜ್ಯಕ್ಕೆ ಸೇರಿದ್ದ ಈ ಜಿಲ್ಲೆಗೆ ಬಟ್ಟೆಯ ಗಿರಣಿಯೂ, ಮುಂದೆ ವಾಡಿ ಶಹಾಬಾದುಗಳ ಸಿಮೆಂಟೂ ಕೂಲಿಕಾರರನ್ನು ಕರೆತಂದುವು. ಮಾರವಾಡಿ ಗುಜರಾತಿ ವರ್ತಕರು ತೊಗರಿಯ ವ್ಯಾಪಾರವನ್ನು ಬೆಳೆಸಿದರು. ಹೈದರಾಬಾದಿನ ಕಡೆಯಿಂದ ಇರಾನಿ ಚಹಾದ ರೂಢಿ ಬಂದಿತು. 1948ರಲ್ಲಿ ನಿಜಾಮಶಾಹಿ ಕೊನೆಗೊಂಡು 1956ರಲ್ಲಿ ಜಿಲ್ಲೆಯು ಕನ್ನಡ ರಾಜ್ಯವನ್ನು ಸೇರಿದ ಮೇಲೆ, ದಕ್ಷಿಣ ಕನ್ನಡದಿಂದ ಬಂದ ಉಡುಪಿ ಹೋಟೆಲಿನವರಿಗೆ ಹಾದಿ ಇನ್ನೂ ಸುಗಮವಾಯಿತು. ಇಡ್ಲಿ ಸಾಂಬಾರು ಕಲಬುರಗಿಯ ಬೆಳಗಿನ ತಿಂಡಿಯಾದುವು. 10ನೆಯ ಶತಮಾನದ ವಡ್ಡಾರಾಧನೆಯಲ್ಲಿಯೂ ಕಲ್ಯಾಣದ ಅರಸನ ಗ್ರಂಥದಲ್ಲಿಯೂ ಇಡ್ಡಲಿಗೆಯ ಹೆಸರಿದ್ದರೂ, ನಮ್ಮ ಅಜ್ಜಂದಿರಿಗೆ ಅದು ಕರಾವಳಿಯಿಂದ ಬಂದ ಹೊಸ ತಿಂಡಿಯಾಗಿಯೇ ಕಂಡಿತು. ಒಂದು ತಿನಿಸು ಒಂದು ಸೀಮೆಯಿಂದ ಮರೆಯಾಗಿ ಶತಮಾನಗಳ ತರುವಾಯ ಇನ್ನೊಂದು ದಾರಿಯಿಂದ ಮರಳಿ ಬರುವುದುಂಟು.

ಇಷ್ಟೆಲ್ಲ ಬಂದು ಸೇರಿದುವನ್ನು ಒಂದಾಗಿಸಿದ ಶಕ್ತಿ ಯಾವುದು ಎಂದು ಕೇಳಿದರೆ, ನಾನು ಎಳ್ಳ ಅಮಾವಾಸ್ಯೆಯ ದಿನದ ಹೊಲವನ್ನು ತೋರಿಸುತ್ತೇನೆ. ಮಾರ್ಗಶಿರದ ಕೊನೆಗೆ, ಹಿಂಗಾರಿ ಜೋಳ ತೆನೆಗೆ ಹತ್ತುವ ಕಾಲದಲ್ಲಿ, ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಭೂತಾಯಿಯನ್ನು ಪೂಜಿಸಿ, ಬೆಳೆಯ ನಡುವೆ ಚರಗ ಚೆಲ್ಲಿ ಬಂದು, ಮರದ ನೆರಳಿನಲ್ಲಿ ಊಟಕ್ಕೆ ಕುಳಿತುಕೊಳ್ಳುತ್ತಾರೆ. ಆ ದಿನದ ಅಡುಗೆಯ ಅರಸು ಭಜ್ಜಿ. ಹಸಿ ತೊಗರಿಕಾಳು, ಹಸಿ ಕಡಲೆ, ಅವರೆ, ಬಟಾಣಿ, ಮೆಂತ್ಯ, ಉಳ್ಳಾಗಡ್ಡಿ ತಪ್ಪಲು, ಗಜ್ಜರಿ, ಹೊಲದಲ್ಲಿ ಆ ಹೊತ್ತಿಗೆ ಏನೇನು ಎಳೆಯದಾಗಿ ದೊರೆಯುತ್ತದೆಯೋ ಅದೆಲ್ಲ ಒಂದು ದೊಡ್ಡ ಗಡಿಗೆಗೆ ಬೀಳುತ್ತದೆ. ಹುಣಿಸೆಹುಳಿಯೂ ಹಸಿಮೆಣಸಿನಕಾಯಿಯೂ ಸೇರಿ, ಕಡಲೆಹಿಟ್ಟಿನಿಂದ ಗಟ್ಟಿಯಾಗಿ, ಬಹಳ ಹೊತ್ತು ಕುದಿದು ಕುದಿದು ಒಂದರ ರುಚಿ ಇನ್ನೊಂದರಿಂದ ಬೇರ್ಪಡಿಸಲಾಗದಂತೆ ಆಗುತ್ತದೆ. ಅದಕ್ಕೆ ಎಳ್ಳು ಹಚ್ಚಿ ಬಡಿದ ಸಜ್ಜಿರೊಟ್ಟಿ ಜೊತೆ. ಸಜ್ಜೆಯೂ ಆಫ್ರಿಕದ್ದು, ಹುಣಿಸೆಯ ಮೂಲವೂ ಆಫ್ರಿಕ, ಬಟಾಣಿ ಪಶ್ಚಿಮ ಏಷ್ಯದ್ದು, ಮೆಣಸಿನಕಾಯಿ ಅಮೆರಿಕದ್ದು. ಆದರೆ ಭಜ್ಜಿ ಈ ಹೊಲದ್ದು, ಈ ಅಮಾವಾಸ್ಯೆಯದು.

ರೊಟ್ಟಿ ಬಡಿಯುವ ಕೈಯನ್ನೂ ಇಲ್ಲಿ ನೆನೆಯಬೇಕು. ಗೋದಿಯ ಹಿಟ್ಟಿಗಿರುವ ಅಂಟು ಜೋಳಕ್ಕಿಲ್ಲ. ತಣ್ಣೀರಿನಲ್ಲಿ ಕಲಸಿದರೆ ಬಿರಿದುಹೋಗುತ್ತದೆ. ಆದುದರಿಂದ ಕುದಿಯುವ ಎಸರನ್ನು ಹಿಟ್ಟಿನ ನಡುವೆ ಸುರಿದು, ಸುಡುಸುಡುವಾಗಿಯೇ ಅಂಗೈಯಿಂದ ನಾದಿ, ಹಿಟ್ಟು ಉದುರಿಸುತ್ತ ಬಡಿದು ಬಡಿದು ತಿರುಗಿಸಿ, ಹಂಚಿನ ಮೇಲೆ ಹಾಕಿದೊಡನೆ ಮೇಲ್ಮೈಗೆ ಒದ್ದೆ ಅರಿವೆಯಿಂದ ನೀರು ಸವರುತ್ತಾರೆ. ಆಫ್ರಿಕದಲ್ಲಿ ಈ ಧಾನ್ಯವು ಬಹುವಾಗಿ ಗಂಜಿಯಾಗಿಯೂ ಮುದ್ದೆಯಾಗಿಯೂ ಉಣ್ಣಲ್ಪಡುತ್ತದೆ. ಅದನ್ನು ಕಾಗದದಂತೆ ತೆಳ್ಳಗೆ ಬಡಿದು, ತಿಂಗಳುಗಟ್ಟಲೆ ಕೆಡದ ಕಟಕರೊಟ್ಟಿಯಾಗಿ ಮಾಡುವ ವಿದ್ಯೆ ದಕ್ಖನಿನ ಹೆಂಗಸರದು. ಮುಂಬಯಿ ಪುಣೆಗಳಿಗೆ ಗುಳೆ ಹೋಗುವ ಕಲಬುರಗಿಯ ಕೂಲಿಕಾರನ ಗಂಟಿನಲ್ಲಿ ಈ ರೊಟ್ಟಿಯೂ ಹಿಂಡಿಯೂ ತಪ್ಪದೆ ಇರುತ್ತವೆ. ಈಗ ಮಹಿಳೆಯರ ಸ್ವಸಹಾಯ ಸಂಘಗಳು ತಯಾರಿಸುವ ರೊಟ್ಟಿಗೆ ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ಜಿಲ್ಲಾಡಳಿತವೇ ಮಾರಾಟದ ವ್ಯವಸ್ಥೆ ಮಾಡಿದೆ. ಜಿಲ್ಲೆಯ ತೊಗರಿಗೂ 2019ರಲ್ಲಿ ಭೌಗೋಳಿಕ ಸೂಚಕ ದೊರೆತಿದೆ. ಇವೆಲ್ಲ ಸಂತೋಷದ ವಿಷಯಗಳು.

ಆದರೆ ಹೆಸರಿನ ಮುದ್ರೆಯಿಂದ ಇತಿಹಾಸವು ಉಳಿಯುವುದಿಲ್ಲ. ಈ ನೆಲದಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವಿದೆ. ಆಳಂದ ತಾಲೂಕಿನ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಅಲ್ಲಿಯ ಕನ್ನಡ, ಉರ್ದು ಮತ್ತು ಇತಿಹಾಸ ವಿಭಾಗಗಳ ತರುಣರು ಕಮಲಾಪುರದ ತಾಂಡಾಗಳಲ್ಲಿ, ದರ್ಗಾದ ಸುತ್ತಣ ಓಣಿಗಳಲ್ಲಿ, ಎರೆಯ ಹಳ್ಳಿಗಳಲ್ಲಿ ವಯಸ್ಸಾದ ತಾಯಂದಿರ ಮುಂದೆ ಕುಳಿತು, ಅವರು ಬಲ್ಲ ಸೊಪ್ಪುಗಳ ಹೆಸರನ್ನೂ ಅಡುಗೆಯ ಕ್ರಮವನ್ನೂ ಬೀಸುಕಲ್ಲಿನ ಹಾಡನ್ನೂ ಅವರವರ ನುಡಿಯಲ್ಲಿಯೇ ಬರೆದುಕೊಳ್ಳಲಿ. ಕಲ್ಲು ಬಿಟ್ಟು ಗಿರಣಿಗೆ ಹೋದ ತಲೆಮಾರು ಈಗಾಗಲೇ ಮುದುಪಾಗಿದೆ. ಈ ಕೆಲಸವನ್ನು ಇನ್ನು ಮುಂದೂಡಬಾರದು.